ಆರರ ಬಾಲ

ಕರಿಯಮ್ಮ, ನಿಮ್ಮ ಹಟ್ಟಿಯ ಬಾವಿಯ ನೀರು ಕೆಟ್ಟಿರಲಿಲ್ಲ. ಕೆಟ್ಟಿದೆ ಎಂದು ನಕ್ಷೆಯಲ್ಲಿ ತೋರಿಸಿದವನು ನಾನು. ತೋರಿಸುವಾಗ ಗೊತ್ತಿರಲಿಲ್ಲ — ಆದರೆ ಹಟ್ಟಿಯ ಜನರೆಲ್ಲರ ನಡುವೆ ನಿಂತು ನೀವು ನನ್ನನ್ನು ಒಂದು ಮಾತು ಕೇಳಿದಿರಲ್ಲ, ಅವತ್ತು ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು. ಐದು ದಿನ ಮೊದಲೇ ಗೊತ್ತಾಗಿತ್ತು.

ಇದನ್ನು ಹೇಳಲು ನನಗೆ ಹತ್ತು ವರ್ಷ ಬೇಕಾಯಿತು. ನಿಮಗೆ ಓದು ಬಾರದೆಂದು ಬಲ್ಲೆ. ಬೇರೆ ಯಾರಾದರೂ ಓದಿ ಹೇಳಲಿ ಎಂದು ಬರೆಯುತ್ತಿಲ್ಲ, ನಾನೇ ಬಂದು ನಿಮ್ಮ ಮುಂದೆ ಓದುತ್ತೇನೆ. ಬರೀ ಬಾಯಿಮಾತಿಗೆ ಹೊರಟರೆ ನಡುವೆ ಎಲ್ಲಿ ಜಾರಿಕೊಳ್ಳುತ್ತೇನೋ ಎಂಬ ಭಯ — ನನ್ನ ಬುದ್ಧಿ ನನಗೆ ಗೊತ್ತು. ಅವತ್ತು ನಿಮ್ಮನ್ನು 'ನೀನು' ಅಂದಿದ್ದೆ, ಇವತ್ತು 'ನೀವು' ಅನ್ನುತ್ತಿದ್ದೇನೆ. ಅಷ್ಟರಿಂದ ಏನೂ ಸರಿಹೋಗುವುದಿಲ್ಲ.

ನಾನು ಯಾರೆಂದು ನೆನಪಿದೆಯೋ ಇಲ್ಲವೋ. ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಮಧುಗಿರಿಯಲ್ಲಿ, ಬೆಟ್ಟದ ಬುಡದ ಒಂದು ಬಾಡಿಗೆ ಮನೆಯಲ್ಲಿ ನಮ್ಮ ಆಫೀಸು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ — ಈ ನಾಲ್ಕು ತಾಲ್ಲೂಕುಗಳ ಕೆರೆ, ಕಟ್ಟೆ, ಕುಡಿಯುವ ನೀರಿನ ಬಾವಿಗಳ ಸುತ್ತ ಜನ ಯಾವ ನೆಲವನ್ನು ಯಾವುದಕ್ಕೆ ಬಳಸುತ್ತಾರೆ, ಅದರಿಂದ ನೀರಿಗೆ ಏನಾಗುತ್ತದೆ ಎಂದು ನಕ್ಷೆ ಮಾಡುವುದು ನಮ್ಮ ಕೆಲಸ. ಹೊಲಕ್ಕೆ ಹಸಿರು, ದನಕುರಿ ಮೇಯುವ ಜಾಗಕ್ಕೆ ಹಳದಿ, ಬಂಡೆ-ಬೀಳಿಗೆ ಕಂದು, ಮನೆಗಳಿಗೆ ಬೂದು. ನೀರು ಚೆನ್ನಾಗಿದ್ದರೆ ನೀಲಿ ಚುಕ್ಕೆ, ಕೆಟ್ಟಿದ್ದರೆ ಕೆಂಪು. ಬಣ್ಣವೆಲ್ಲ ತುಂಬಿದ ಮೇಲೆ, ಯಾವ ನೀರನ್ನು ಉಳಿಸಲು ಯಾವ ನೆಲ ಕಾಪಾಡಬೇಕು, ಎಲ್ಲಿಂದ ಏನನ್ನು ತೆರವು ಮಾಡಿಸಬೇಕು ಎಂದು ತೀರ್ಮಾನ. ಒಳ್ಳೆಯ ಕೆಲಸ ಅದು. ಈಗಲೂ ಹಾಗೇ ಅನ್ನುತ್ತೇನೆ — ಕೆಟ್ಟದ್ದಾಗಿದ್ದು ಕೆಲಸವಲ್ಲ.

ನಾನು ನಕ್ಷೆ ಬರೆಯುವವನು. ಹುದ್ದೆ ತಾತ್ಕಾಲಿಕ, ಆದರೆ ಅಕ್ಷರದ ಬಗ್ಗೆ ಮಾತ್ರ ಖಾಯಂ ಕೊಬ್ಬು. ತೋವಿನಕೆರೆಯ ಶಾಲೆಯಲ್ಲಿ ನಮ್ಮ ಮೇಷ್ಟ್ರು ನನ್ನ ಕಾಪಿ ಪುಸ್ತಕವನ್ನು ತರಗತಿ ತರಗತಿಗೂ ತೋರಿಸಿಕೊಂಡು ಬಂದಿದ್ದರು. ಅಂದಿನಿಂದ ನನ್ನ ತಲೆ ತಿರುಗಿಹೋಗಿತ್ತು. ಕಚೇರಿಯ ಕೆಲಸವೆಲ್ಲ ಕನ್ನಡದಲ್ಲೇ ಆಗಬೇಕೆಂಬ ಹುಮ್ಮಸ್ಸಿನ ಕಾಲ ಬೇರೆ. ನೀರಿನ ಸೀಸೆಗೆ ಅಂಟಿಸುವ ಚೀಟಿಯ ಮೇಲೂ ಕನ್ನಡ ಅಂಕಿಯನ್ನೇ ಬರೆಯುತ್ತೇನೆಂದು ಹಟ ಹಿಡಿದವನು ನಾನೇ. ನಮ್ಮ ಸಾಹೇಬರು — ಎಂಜಿನಿಯರು, ಬೆಂಗಳೂರಿನವರು, ಒಳ್ಳೆಯ ಮನುಷ್ಯ — ಒಮ್ಮೆ ಕೇಳಿದ್ದರು: "ಅಲ್ರೀ, ಅಲ್ಲಿ ನೀರು ಪರೀಕ್ಷೆ ಮಾಡೋರಿಗೆ ಗೊತ್ತಾಗುತ್ತೇನ್ರಿ ಇದು?"

"ಕನ್ನಡ ನಾಡಲ್ಲಿ ಕನ್ನಡದ ಅಂಕಿ ಗೊತ್ತಾಗದೆ ಏನು ಸಾರ್" ಎಂದು ಎದೆಯುಬ್ಬಿಸಿದ್ದೆ.

ಅದನ್ನೂ ಸುಮ್ಮನೆ ಬರೆಯುವವನಲ್ಲ. ಒಂದೊಂದು ಅಂಕಿಯ ಬಾಲವನ್ನೂ ಬಳುಕಿಸಿ, ಮೇಲಕ್ಕೊಂದು ಸುತ್ತು ತಿರುಗಿಸಿ, ಮದುವೆ ಕರೆಯೋಲೆಯ ಹಾಗೆ. ನಿಮಗೆ ಅಂಕಿ ಗೊತ್ತಿಲ್ಲ, ಅದಕ್ಕೇ ಹೇಳುತ್ತೇನೆ: ನಮ್ಮ ಆರಕ್ಕೂ ಒಂಬತ್ತಕ್ಕೂ ಮೈ ಒಂದೇ. ೬. ೯. ಬಾಲ ತಿರುಗುವ ಕಡೆ ಮಾತ್ರ ಬೇರೆ. ನೀವು ಕಳೆದುಕೊಂಡದ್ದೆಲ್ಲ ಅಷ್ಟು ಗಾತ್ರದ ಬಾಲಕ್ಕೆ — ಇರಲಿ, ಬಾಲದ ಮೇಲೆ ಹಾಕಿ ತಪ್ಪಿಸಿಕೊಳ್ಳುವುದು ಬೇಡ.

ನಿಮ್ಮ ಹಟ್ಟಿಗೆ ಬಂದ ದಿನ. ತಾವರೆಕೆರೆಯಲ್ಲಿ ಬಸ್ಸಿಳಿದು ಕಡಲೆಕಾಯಿ ಹೊಲಗಳ ನಡುವೆ ನಡೆದು ಬಂದೆ. ಹಟ್ಟಿಯ ಮುಳ್ಳುಬೇಲಿಯ ಬಾಗಿಲಲ್ಲಿ ನಿಮ್ಮ ಅತ್ತೆ ತಿಮ್ಮಕ್ಕ ತಡೆದರು: "ಕಾಲಿಂದು ಬುಡು ಸಾಮಿ, ಅಟ್ಟಿ ಒಳಿಕ್ಕೆ ಮೆಟ್ಟು ಹಾಕ್ಕಂಡು ಬರಂಗಿಲ್ಲ." ಬಿಟ್ಟು ಒಳಗೆ ಬಂದೆ. ಕುರಿರೊಪ್ಪಗಳು, ಅವುಗಳಿಂದ ನಾಲ್ಕು ಮಾರು ದೂರದಲ್ಲಿ ಬಾವಿ. ಬೇಲಿಯಾಚೆ ಒಂದು ಸಣ್ಣ ಗುಡಿಸಲು — ಮುಟ್ಟಾದ ಹೆಂಗಸರು ಮೂರು ದಿನ ಇರುವ ಜಾಗ. ನಕ್ಷೆಯಲ್ಲಿ ಅದನ್ನೂ ಬೂದು ಬಣ್ಣದಲ್ಲಿ ಗುರುತು ಮಾಡಿಕೊಂಡೆ.

ಬಾವಿಯ ಹತ್ತಿರ ನೀವು ಇದ್ದಿರಿ. ಮದುವೆಯಾಗಿ ಬಂದು ಒಂದು ವರ್ಷವೂ ಆಗಿರಲಿಲ್ಲವೇನೋ. ತಲೆಗೂದಲು ಇನ್ನೂ ಒದ್ದೆ. "ಒಂದು ಕೊಡ ನೀರು ಸೇದಿಕೊಡಮ್ಮ" ಎಂದವನು ನಾನು. ಸೇದಿದಿರಿ. ನನ್ನ ಸೀಸೆ ನೋಡಿ ನಗು ತಡೆಯಲಾರದೆ, "ಇಷ್ಟೇ ಸಾಕಾ ಸಾಮಿ? ಇದ್ರಾಗೆ ನಿಮ್ ಸಾಯೇಬ್ರ ಮೀಸೆನೂ ನೆನೆಯಾಕಿಲ್ಲ" ಅಂದಿರಿ. ಉಳಿದ ನೀರನ್ನು ನಾನು ಬೊಗಸೆಯಲ್ಲಿ ಕುಡಿದೆ. ಸಿಹಿನೀರು, ತಣ್ಣಗಿತ್ತು. ಚೀಟಿಯ ಮೇಲೆ ಬಾಲ ತಿರುಗಿಸಿ ಆರು ಎಂದು ಬರೆದೆ. ನಿಮ್ಮ ಮುಂದೆ ಸ್ವಲ್ಪ ಹೆಚ್ಚೇ ತಿರುಗಿಸಿದೆನೇನೋ.

ಅಲ್ಲಿಂದ ಇಳಿಜಾರಿನಲ್ಲಿ ಅರ್ಧ ಮೈಲಿ ಕೆಳಗೆ ಹಗ್ಗ ಹೊಸೆಯುವವರ ಕೇರಿ. ಕತ್ತಾಳೆ ಪಟ್ಟೆಗಳನ್ನು ಗುಂಡಿಯ ನೀರಿನಲ್ಲಿ ಕೊಳೆಹಾಕಿ ನಾರು ತೆಗೆಯುತ್ತಿದ್ದರು. ಗುಂಡಿಗಳ ಪಕ್ಕದಲ್ಲೇ ಒಂದು ಬಾವಿ. ನೀರಿಗೆ ಹುಳಿ ಹುಳಿ ವಾಸನೆ. ಅದು ಒಂಬತ್ತು. ನನ್ನ ಟಿಪ್ಪಣಿ ಪುಸ್ತಕದಲ್ಲಿ ನನ್ನದೇ ಚಂದದ ಅಕ್ಷರದಲ್ಲಿ ಬರೆದಿದ್ದೆ: "೯ — ವಾಸನೆ, ಬಾಯಿಗೆ ಹಾಕಲಾಗಲಿಲ್ಲ."

ಸೀಸೆಗಳು ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಬೆಂಗಳೂರಿಗೆ ಹೋದವು. ಟೈಪು ಮಾಡಿದ ಪಟ್ಟಿ ಬಂತು, ಇಂಗ್ಲಿಷ್ ಅಂಕಿಯಲ್ಲಿ. ಒಂಬತ್ತರ ನೀರು ಕುಡಿಯಲು ಯೋಗ್ಯ. ಆರರದ್ದು ಕೊಳೆತ ಪದಾರ್ಥ ಸೇರಿದೆ, ಯೋಗ್ಯವಲ್ಲ. ಓದಿದಾಗ ನಾನು ಒಂದು ಕ್ಷಣವಾದರೂ ನಿಲ್ಲಬೇಕಿತ್ತು. ಆ ನೀರು ಕುಡಿದ ನಾಲಗೆ ನನ್ನದೇ ಅಲ್ಲವೇ? ನಿಲ್ಲಲಿಲ್ಲ. ಬಣ್ಣ ತುಂಬುವ ಉತ್ಸಾಹ. ಸಾಹೇಬರು, "ಕುರಿಗೊಬ್ಬರದ ರಸ ಇಳಿದಿದೆ ಕಣ್ರಿ, ಸ್ಪಷ್ಟವಾಗಿದೆ" ಅಂದರು; ನನಗೂ ಸ್ಪಷ್ಟವಾಗಿಯೇ ಕಂಡಿತು. ನಿಮ್ಮ ಬಾವಿಗೆ ಕೆಂಪು ಚುಕ್ಕೆ ಇಟ್ಟೆ. ಅದರ ಸುತ್ತ ಹಟ್ಟಿಗೆ ಕೆಂಪು ಗೀರು. ಪಕ್ಕದಲ್ಲಿ ಒಂದು ಪದ: ಮಲಿನ. ಕತ್ತಾಳೆ ಗುಂಡಿಗಳ ಬಾವಿಗೆ ನೀಲಿ ಹಾಕಿ, ಅಲ್ಲಿ ತೊಂದರೆಯಿಲ್ಲ ಎಂದು ಬರೆದೆ.

ಆಮೇಲೆ ಖಾಲಿ ಸೀಸೆಗಳು ವಾಪಸು ಬಂದವು. ಬೆಳಗ್ಗೆ ಆಫೀಸಿನ ಜಗಲಿಯಲ್ಲಿ ಕೂತು ತೊಳೆಯುತ್ತಿದ್ದೆ. ಒಂದೊಂದು ಸೀಸೆಯ ಮೇಲೂ ನನ್ನ ಚೀಟಿಯ ಕೆಳಗೆ ಅವರದ್ದೊಂದು ಸಣ್ಣ ಚೀಟಿ ಅಂಟಿಸಿದ್ದರು, ಇಂಗ್ಲಿಷ್ ಅಂಕಿ ಬರೆದು. ನನ್ನ ಆರರ ಕೆಳಗೆ ಅವರು ಬರೆದದ್ದು ಒಂಬತ್ತು. ಇನ್ನೊಂದು ಸೀಸೆ ಹುಡುಕಿದೆ. ನನ್ನ ಒಂಬತ್ತರ ಬಾಲ ನೀರು ತಾಗಿ ಕದಡಿಹೋಗಿತ್ತು. ಒಂಬತ್ತು ಆಗಲೇ ಒಂದಿದೆಯಲ್ಲ ಎಂದು ಅದನ್ನು ಆರು ಮಾಡಿದ್ದರು.

ಎರಡೂ ಸೀಸೆಗಳನ್ನು ಪಕ್ಕಪಕ್ಕ ಇಟ್ಟು ಮತ್ತೊಮ್ಮೆ ನೋಡಿದೆ. ಎದ್ದು ಸಾಹೇಬರ ಕೋಣೆಯ ಬಾಗಿಲವರೆಗೆ ಹೋದೆ — ಹೋದೆ ಎಂಬುದು ನಿಜ. ಒಳಗೆ ಸಾಹೇಬರು ಯಾರಿಗೋ ನನ್ನ ನಕ್ಷೆ ತೋರಿಸುತ್ತಿದ್ದರು. "ಅಕ್ಷರ ನೋಡಿ, ಅಚ್ಚು ಹಾಕಿದ ಹಾಗಿದೆ. ಇವರನ್ನು ಖಾಯಂ ಮಾಡಿ ಅಂತ ಬರೆದಿದೀನಿ." ನಾನು ಹಿಂದೆ ಬಂದೆ. ನನ್ನ ಆರರ ಕೆಳಗಿದ್ದ ಆ ಸಣ್ಣ ಚೀಟಿಯನ್ನು ನೆನೆಸಿ, ಉಗುರಿನಿಂದ ಕಿತ್ತು, ಟಿಪ್ಪಣಿ ಪುಸ್ತಕದಲ್ಲಿ ಮುಚ್ಚಿಟ್ಟೆ. ಸೀಸೆ ತೊಳೆದಿಟ್ಟೆ.

ನನಗೆ ನಾನೇ ಹೇಳಿಕೊಂಡ ಸಮಾಧಾನ: ಏನಾಗುತ್ತದೆ ಮಹಾ, ರೊಪ್ಪಗಳನ್ನು ನಾಲ್ಕು ಹೆಜ್ಜೆ ಆಚೆ ಹಾಕಿಕೊಳ್ಳುತ್ತಾರೆ. ಮುಂದಿನ ವರ್ಷದ ಪರೀಕ್ಷೆಯಲ್ಲಿ ಎಲ್ಲ ಸರಿಹೋಗುತ್ತದೆ. ಯಾರಿಗೇನು ನಷ್ಟ? ಆ ಐದು ದಿನ ಅನ್ನ ಸೇರಲಿಲ್ಲ. ಯಾರಾದರೂ ಹಿಂದಿನಿಂದ ಕೂಗಿದರೆ ಬೆಚ್ಚಿಬೀಳುತ್ತಿದ್ದೆ. ಆದರೂ ಬಾಯಿ ಬಿಡಲಿಲ್ಲ.

ಐದನೆಯ ದಿನ ಸಾಹೇಬರ ಜೊತೆ ಜೀಪಿನಲ್ಲಿ ನಿಮ್ಮ ಹಟ್ಟಿಗೆ ಬಂದೆವು. ಬೇವಿನ ಮರದ ಕೆಳಗೆ ಹಟ್ಟಿಯ ಯಜಮಾನರು, ತಿಮ್ಮಕ್ಕ, ನಿಮ್ಮ ಗಂಡ, ಎಲ್ಲರೂ ಸೇರಿದ್ದರು. ಸಾಹೇಬರು ನಕ್ಷೆ ಬಿಡಿಸಿ, ತಮ್ಮ ಪುಸ್ತಕದ ಕನ್ನಡದಲ್ಲಿ, "ನಿಮ್ಮ ಬಾವಿಯ ನೀರು ಮಲಿನವಾಗಿದೆ" ಅಂದರು.

ಯಜಮಾನರು ಆ ಮಾತನ್ನು ಬಾಯಲ್ಲಿ ಮೆಲ್ಲಗೆ ತಿರುಗಿಸಿ ನೋಡಿದರು. ಆಮೇಲೆ ಜನರ ಕಡೆ ತಿರುಗಿ, "ಬಾವಿಗೆ ಮೈಲಿಗೆ ಆಗೈತಂತೆ" ಎಂದರು.

ಮಲಿನ ಬೇರೆ, ಮೈಲಿಗೆ ಬೇರೆ. ಸಾಹೇಬರಿಗೆ ಆ ಎರಡನೆಯ ಮಾತಿನ ಭಾರ ತಿಳಿಯಲಿಲ್ಲ. ಎರಡೂ ಒಂದೇ ಎಂದುಕೊಂಡು, "ಹೌದು, ಅದೇ ಅದೇ" ಎಂದು ತಲೆಯಾಡಿಸಿದರು. ನನಗೆ ತಿಳಿಯಿತು. ನಾನೂ ಈ ಕಡೆಯವನೇ. ಬಾವಿ ಮೈಲಿಗೆಯಾಗಿದೆ ಎಂದರೆ ಇವರು ಕುರಿಗೊಬ್ಬರ ಹುಡುಕುವುದಿಲ್ಲ, ಮನುಷ್ಯರನ್ನು ಹುಡುಕುತ್ತಾರೆ ಎಂದು ನನಗೆ ತಿಳಿಯಿತು. ಅಲ್ಲಿ ನೆರೆದಿದ್ದವರಲ್ಲಿ ನೀರು ಚೆನ್ನಾಗಿದೆ ಎಂದು ಬಲ್ಲವನು ನಾನೊಬ್ಬ, ಮಾತು ದಾರಿ ತಪ್ಪಿದೆ ಎಂದು ಬಲ್ಲವನೂ ನಾನೊಬ್ಬ. ನಕ್ಷೆ ಗಾಳಿಗೆ ಮಡಚದಂತೆ ಅದರ ಮೂಲೆ ಹಿಡಿದುಕೊಂಡೆ.

"ಸೀಸೆಗೆ ನೀರು ಇಡಿದ ದಿನ ಸೇದ್ದೋರು ಯಾರು?" ಎಂದು ಯಾರೋ ಕೇಳಿದರು. ಲೆಕ್ಕ ಹಾಕಲು ಶುರುವಾಯಿತು. ನೀವು ಬೇಲಿಯಾಚೆಯ ಗುಡಿಸಲಿನಿಂದ ಬಂದದ್ದು ಯಾವತ್ತು? ಮೂರು ದಿನ ತುಂಬಿತ್ತೋ ಇಲ್ಲವೋ? ತಲೆ ಇನ್ನೂ ಒದ್ದೆಯಾಗಿತ್ತು, ಆಗತಾನೆ ಗುಡಿಸಲಿನಿಂದ ಬಂದದ್ದು ಎಂದೊಬ್ಬರು ನೆನಪು ಮಾಡಿಕೊಂಡರು. ತಿಮ್ಮಕ್ಕ ನಿಮ್ಮನ್ನೇ ದಿಟ್ಟಿಸಿ, "ದಿನ ತುಂಬೋಕೆ ಮುಂಚೆ ಬಾವಿ ಮುಟ್ಬುಟ್ಟೇನೇ?" ಎಂದರು. ಗಾಬರಿಗೆ ನಿಮ್ಮ ಬಾಯಲ್ಲಿ ಪಾವಗಡದಾಚೆಯ ತವರಿನ ತೆಲುಗು ಬಂತು — "ನೇನು ತಪ್ಪು ಚೆಯ್ಯಲೇದು." ತಪ್ಪು ಮಾಡಿಲ್ಲ ಎಂದು. ಯಾರೂ ಕೇಳಿಸಿಕೊಳ್ಳಲಿಲ್ಲ. ಆಗ ನೀವು ನನ್ನ ಕಡೆ ತಿರುಗಿದಿರಿ.

"ಸಾಮಿ, ಸೇದಿಕೊಡು ಅಂದೋರು ನೀವೇಯ. ದಿನ ತುಂಬಿ, ಮಿಂದೇ ಬಂದಿದ್ದೆ. ನಿಮ್ ಸೀಸೆನಾಗೆ ನನ್ ಮೈಲಿಗೆ ಕಾಣ್ತಾ? ನೀವೇ ಹೇಳ್ಬುಡಿ."

ನಾನು ಹೇಳಿದ್ದು ಇಷ್ಟು: "ಕಾಗದದಲ್ಲಿ ಏನಿದೆಯೋ ಅಷ್ಟೇ ಕಣಮ್ಮ. ನನ್ನನ್ನು ಕೇಳಿದರೆ? ನೀನು ಆ ಕಡೆ ಹೋಗು."

ಹೋದಿರಿ. ಆ ಕಡೆ ಎಂದರೆ ಎಲ್ಲಿಗೆ — ನಾನು ಯೋಚಿಸಿ ಅಂದ ಮಾತಲ್ಲ. ಆದರೆ ಕಾಗದ ಓದುವವನೇ ಹಾಗಂದ ಮೇಲೆ ಇನ್ನೇನು? ಆ ವಾರವೇ ನಿಮ್ಮ ಗಂಡ ನಿಮ್ಮನ್ನು ತವರಿಗೆ ಬಿಟ್ಟು ಬಂದರು. ಬಾವಿಗೆ ಮುಳ್ಳು ಹೊದಿಸಿದರು. ರೊಪ್ಪಗಳನ್ನು ತೆರವು ಮಾಡಿದರು. ಹಟ್ಟಿಯ ಹೆಂಗಸರು ಕೊಡ ಹೊತ್ತು, ನಾನು ನೀಲಿ ಚುಕ್ಕೆ ಇಟ್ಟಿದ್ದ ಒಂಬತ್ತನೆಯ ಬಾವಿಗೆ ನಡೆದರು. ಒಂದು ವರ್ಷ ಆ ನೀರನ್ನೇ ಕುಡಿದರು. ಮೈಯೆಲ್ಲ ತುರಿಕೆ, ಮಕ್ಕಳಿಗೆ ಹೊಟ್ಟೆನೋವು ಎಂದು ಸುದ್ದಿ ಬರುತ್ತಿತ್ತು. ಸುದ್ದಿ ಬಂದಾಗಲೆಲ್ಲ ನಾನು ಟೀ ಕುಡಿಯುವ ನೆಪದಲ್ಲಿ ಹೊರಗೆ ಹೋಗುತ್ತಿದ್ದೆ. ಅಷ್ಟರಲ್ಲಿ ನನ್ನ ಕೆಲಸ ಖಾಯಂ ಆಗಿತ್ತು.

ಮುಂದಿನ ವರ್ಷ ಮತ್ತೆ ಸೀಸೆಗಳು ಹೋದವು. ಈ ಸಲ ಇಂಗ್ಲಿಷ್ ಅಂಕಿಯನ್ನೇ ಬರೆದೆ, ಯಾರೂ ಯಾಕೆಂದು ಕೇಳಲಿಲ್ಲ. ಆರು ಶುದ್ಧ, ಒಂಬತ್ತು ಅಶುದ್ಧ ಎಂದು ಪಟ್ಟಿ ಬಂತು. ಸರಿಹೋಗುತ್ತದೆ ಎಂದುಕೊಂಡಿದ್ದೆನಲ್ಲ, ನೋಡಿ ಹೇಗೆ ಸರಿಹೋಯಿತು. ವರದಿಯಲ್ಲಿ ಹೀಗೆ ಬರೆಯಲಾಯಿತು — ಕುರಿರೊಪ್ಪ ತೆರವು ಮಾಡಿಸಿದ್ದರಿಂದ ಆರನೆಯ ಬಾವಿ ಚೇತರಿಸಿಕೊಂಡಿದೆ. ಹಟ್ಟಿಯ ಜನ ಬಳಸತೊಡಗಿದ್ದರಿಂದ ಒಂಬತ್ತನೆಯ ಬಾವಿ ಕೆಟ್ಟಿದೆ. ಅದನ್ನು ಚಂದದ ಅಕ್ಷರದಲ್ಲಿ ನಕಲು ತೆಗೆದವನು ನಾನೇ. ಇದೇ ಪಾಠವೆಂದು, ಪಾವಗಡದವರೆಗೂ ಬಾವಿಯ ಹತ್ತಿರ ರೊಪ್ಪವಿದ್ದ ಹಟ್ಟಿಗಳಿಗೆಲ್ಲ ಕೆಂಪು ಗೀರು ಬಿತ್ತು. ಕತ್ತಾಳೆ ಗುಂಡಿಗಳನ್ನು ಒಂದು ಫರ್ಲಾಂಗು ಕೆಳಗೆ ಸರಿಸಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಹಗ್ಗದವರೂ ಬೇಡ ಅನ್ನುತ್ತಿರಲಿಲ್ಲ. ಅವರನ್ನು ಯಾರೂ ಕೇಳಲೇ ಇಲ್ಲ.

ನಾಲ್ಕೈದು ವರ್ಷದ ಮೇಲೆ ಶಿರಾ ಸಂತೆಯಲ್ಲಿ ತಿಮ್ಮಕ್ಕ ಸಿಕ್ಕರು. ಕಂಬಳಿ ಮಾರಲು ಬಂದಿದ್ದರು. ನಾನು ತಲೆ ತಗ್ಗಿಸಿ ದಾಟಿಹೋಗುತ್ತಿದ್ದೆ, ಅವರೇ ಗುರುತು ಹಿಡಿದು ಕೂಗಿದರು. ಬಾವಿ ಮತ್ತೆ ಬಳಸುತ್ತಿದ್ದೇವೆ ಎಂದರು, ಸಂತೋಷದಿಂದಲೇ. ನಾನು ನಿಮ್ಮ ಬಗ್ಗೆ ಕೇಳಿದೆ.

"ಅವ್ಳು ಅಟ್ಟಿ ಬುಟ್ಟು ಓದ್ಮೇಲೇ ಅಲ್ವಾ ಸಾಮಿ ನೀರು ಸರಿಯಾಗಿದ್ದು? ನಿಮ್ ಕಾಗದನಾಗೂ ಅಂಗೇ ಬಂತಂತಲ್ಲ" ಅಂದರು. ಕಂಬಳಿಯ ಅಂಚು ಸವರುತ್ತಾ ದನಿ ತಗ್ಗಿಸಿದರು. "ಕೆಟ್ಟೋಳಲ್ಲ ಅವ್ಳು. ಮೂರ್ ಸಲ ಜನ ಕಳ್ಸಿದ್ವಿ. ಊಂ, ತಪ್ಪಾತು ಅಂತ ಒಂದ್ ಮಾತು ಒಪ್ಕಂಡು, ದ್ಯಾವ್ರ ತೀರ್ಥ ತಗಂಡಿದ್ರೆ ಒಳಿಕ್ಕೆ ಕರ್ಕಂತಿದ್ವಿ. ಒಪ್ಲೇ ಇಲ್ಲ. ಮಾಡ್ದೇ ಇದ್ದಿದ್ನ ಹೆಂಗೆ ಒಪ್ಕಳ್ಳಿ ಅಂದ್ಲಂತೆ. ಮೂರು ವರ್ಸ ಕಾದ ನನ್ ಮಗ. ಆಮ್ಯಾಕೆ ಇನ್ನೊಂದ್ ಮಾಡುದ್ವಿ."

ಆ ಸಂತೆಯ ಗದ್ದಲದಲ್ಲಿ, ಕರಿಯಮ್ಮ, ನನಗೆ ಆ ಒಂದು ಮಾತೇ ಕೇಳಿಸುತ್ತಿತ್ತು. ಮಾಡದ ತಪ್ಪನ್ನು ಒಪ್ಪಿಕೊಳ್ಳಲಾರದೆ ನೀವು ಮನೆ ಕಳೆದುಕೊಂಡಿರಿ. ಒಂದು ಸುಳ್ಳು 'ಹೂಂ' ಅಂದಿದ್ದರೆ ಸಾಕಿತ್ತು, ಅನ್ನಲಿಲ್ಲ. ನಾನು ಮಾಡಿದ್ದನ್ನೇ ಒಪ್ಪಿಕೊಳ್ಳಲಾರದೆ — ಆಗಲೂ ತಿಮ್ಮಕ್ಕನ ಎದುರು ಬಾಯಿ ಬಿಡಲಿಲ್ಲ. ಒಂದು ಕಂಬಳಿ ಕೊಂಡು ಬಂದುಬಿಟ್ಟೆ. ಅದನ್ನು ಇವತ್ತಿನವರೆಗೂ ಹೊದ್ದಿಲ್ಲ.

ಈ ತಿಂಗಳು ಅದೇ ನಕ್ಷೆ ನನ್ನ ಮೇಜಿಗೆ ವಾಪಸು ಬಂದಿದೆ. ಹೊಸ ಯೋಜನೆಯಂತೆ, ಹಳೆಯ ನಕ್ಷೆಗಳನ್ನೇ ನಕಲು ತೆಗೆದು ಮುಂದುವರಿಸಬೇಕಂತೆ. ಪಾರದರ್ಶಕ ಹಾಳೆ ಹರಡಿ ಶಾಯಿ ಪೆನ್ನು ಹಿಡಿದೆ. ನಿಮ್ಮ ಹಟ್ಟಿಯ ಕೆಂಪು ಗೀರಿನವರೆಗೆ ಬಂದೆ. ಬಾವಿ ಚೇತರಿಸಿಕೊಂಡಿತೆಂದು ವರದಿಯಲ್ಲಿ ಬರೆದರೂ ನಕ್ಷೆಯನ್ನು ಯಾರೂ ತಿದ್ದಿರಲಿಲ್ಲ. 'ಮಲಿನ' ಎಂಬ ಪದ — ಬಣ್ಣ ಸ್ವಲ್ಪವೂ ಮಾಸಿಲ್ಲ. ಪೆನ್ನು ಕೆಳಗಿಟ್ಟೆ. ಮತ್ತೊಮ್ಮೆ ಬರೆದರೆ ಅದು ಕಣ್ತಪ್ಪಲ್ಲ, ಕೈತಪ್ಪಲ್ಲ — ತಿಳಿದು ತಿಳಿದು ಮಾಡಿದ್ದು.

ಟಿಪ್ಪಣಿ ಪುಸ್ತಕ ಹುಡುಕಿ ತೆಗೆದೆ. ಆ ಸಣ್ಣ ಚೀಟಿ ಅಲ್ಲೇ ಇತ್ತು, ಹಳದಿ ತಿರುಗಿ. ಯಾಕೆ ಎಸೆಯಲಿಲ್ಲವೋ ಗೊತ್ತಿಲ್ಲ. ಅದನ್ನು ಒಳ್ಳೆಯತನವೆಂದು ಹೇಳಿಕೊಳ್ಳಲಾರೆ. ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿ ಇವತ್ತು ಬೆಳಗ್ಗೆ ಮೇಲಿನವರಿಗೆ ಕೊಟ್ಟೆ. ಅವರು ಓದಿ, ಕನ್ನಡಕ ತೆಗೆದು, "ಇಷ್ಟು ವರ್ಷದ ಮೇಲೆ ಯಾಕ್ರೀ ಇದೆಲ್ಲ?" ಅಂದರು. ಆ ಚೀಟಿಯನ್ನು ಅವರ ಮುಂದೆ ಇಟ್ಟು ಬಂದೆ. ಕೆಲಸ ಏನಾಗುತ್ತದೋ ತಿಳಿಯದು. ಭಯವಿದೆ, ಇಲ್ಲ ಎನ್ನುವುದಿಲ್ಲ. ಒಂದೂ ಬಾಲ ಬಳುಕಿಸದೆ ಬರೆದ ಈ ಅಕ್ಷರ ನೋಡಿದರೆ ನಮ್ಮ ಮೇಷ್ಟ್ರು ನನ್ನದೆಂದು ನಂಬುತ್ತಿರಲಿಲ್ಲ.

ನಾಳೆ ಮೊದಲ ಬಸ್ಸಿಗೆ ತಾವರೆಕೆರೆಗೆ ಹೊರಡುತ್ತೇನೆ. ಮೊದಲು ನಿಮ್ಮಲ್ಲಿಗಲ್ಲ, ಹಟ್ಟಿಗೆ. ಕ್ಷಮಿಸಿ ಎಂದು ನಿಮ್ಮೊಬ್ಬರ ಮುಂದೆ ಅತ್ತು ಹಗುರಾಗುವುದು ಸುಲಭ; ನೀವು ನನ್ನನ್ನು ಕೇಳಿದ್ದು ಹಾಗೆ ಒಬ್ಬಂಟಿಯಾಗಿ ಅಲ್ಲ. ಹಟ್ಟಿಯ ಬಾಗಿಲಲ್ಲಿ ಮೆಟ್ಟು ಬಿಟ್ಟು ಒಳಗೆ ಹೋಗುತ್ತೇನೆ. ಬೇವಿನ ಮರದ ಕೆಳಗೆ ಎಲ್ಲರನ್ನೂ ಕರೆಸಿ, ಮಣ್ಣಿನ ಮೇಲೆ ಬೆರಳಿನಿಂದ ಆರು ಬರೆದು, ಒಂಬತ್ತು ಬರೆದು, ಹೇಳುತ್ತೇನೆ. ಅವರು ಬೈಯಬಹುದು, ಹೊಡೆಯಬಹುದು, ನಂಬದೆಯೂ ಇರಬಹುದು. ನಿಮ್ಮ ಮನೆ ನಿಮಗೆ ವಾಪಸು ಬರುವುದಿಲ್ಲ, ಅದು ನನಗೆ ಗೊತ್ತು.

ಅದಾದ ಮೇಲೆ ಪಾವಗಡದ ಬಸ್ಸು ಹತ್ತಿ ನಿಮ್ಮ ತವರಿನ ಬಾಗಿಲಿಗೆ ಬಂದು ಇದನ್ನು ಓದುತ್ತೇನೆ. ಒಳಗೆ ಕರೆಯಬೇಡಿ, ನೀರು ಕೊಡಬೇಡಿ. ನೀವು ಅವತ್ತು ಕೇಳಿದ ಮಾತಿಗೆ ಉತ್ತರ ಹೇಳಿ ಹೊರಟುಬಿಡುತ್ತೇನೆ: ಇಲ್ಲ ಕರಿಯಮ್ಮ, ನನ್ನ ಸೀಸೆಯಲ್ಲಿ ಏನೂ ಕಾಣಲಿಲ್ಲ. ನೀವು ಸೇದಿಕೊಟ್ಟ ನೀರು ಚೆನ್ನಾಗಿತ್ತು.